ಎಂಡ್ಯೂರೋ ಸೈಕಲ್: ಮೀಡಿಯಂ ಕೊಳ್ಳಬೇಕೋ, ಲಾರ್ಜ್ ಕೊಳ್ಳಬೇಕೋ?

ನಮಸ್ಕಾರ. ನಿಮ್ಮ ಎತ್ತರ 174 ಸೆಂ.ಮೀ., ತೂಕ 70 ಕಿಲೋ ಎಂದು ತಿಳಿಸಿ, ಶಿರಸಿ ಸುತ್ತಿನ ಕಾಡುದಾರಿಗಳಿಗೆ 160 ಮಿ.ಮೀ. ಟ್ರಾವೆಲ್‌ನ (ಸಸ್ಪೆನ್ಷನ್‌ನಿಂದಾಗಿ ಚಕ್ರ ಮೇಲೆ ಕೆಳಗೆ ಆಡುವ ಅಂತರ) ಎಂಡ್ಯೂರೋ ಸೈಕಲ್, ಅಂದರೆ ಕಡಿದಾದ ಒರಟು ದಾರಿಗಳಲ್ಲಿ ಹತ್ತಿಳಿಯುವ ಮೌಂಟನ್ ಸೈಕಲ್, ಯಾವ ಅಳತೆಯದ್ದಿರಬೇಕೆಂದು ಕೇಳಿದ್ದೀರಿ. ಮೀಡಿಯಂ, ಲಾರ್ಜ್ ಎಂಬ ಹೆಸರುಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, ಎರಡೂ ಪೆಡಲ್ ತೋಳುಗಳು ಸೇರುವ ಅಚ್ಚಿನ ನಡುವಿನಿಂದ ಹೆಡ್‌ಟ್ಯೂಬಿನ (ಹ್ಯಾಂಡಲ್ ಕೆಳಗಿನ ಫ್ರೇಮಿನ ಕೊಳವೆ) ಮೇಲ್ತುದಿಯವರೆಗಿನ ಅಡ್ಡ ಅಂತರವನ್ನು, ಅಂದರೆ ರೀಚ್ ಅನ್ನು ನೋಡಿ. ನಿಮಗೆ 450ರಿಂದ 470 ಮಿ.ಮೀ. ಹೊಂದೀತು. ಎರಡು ಅಳತೆಗಳ ನಡುವೆ ಬಂದರೆ ನಾನಂತೂ ಚಿಕ್ಕದನ್ನೇ ಆರಿಸುತ್ತೇನೆ. ಅಡಿಕೆ ತೋಟದ ಅಂಚಿನ ಕಿರುತಿರುವುಗಳಲ್ಲಿ ಉದ್ದನೆಯ ಸೈಕಲ್ಲನ್ನು ಹೊರಳಿಸುವುದು ಕಷ್ಟ.

ಸಸ್ಪೆನ್ಷನ್ ಹೊಂದಿಸುವಾಗ ಅವಸರ ಬೇಡ. ಹೆಲ್ಮೆಟ್ ಧರಿಸಿ, ನೀರಿನ ಚೀಲ ಬೆನ್ನಿಗೇರಿಸಿ, ಪೆಡಲ್ ಮೇಲೆ ನಿಂತು ಮೆಲ್ಲನೆ ಇಳಿದ ಮೇಲೆ ಹಿಂದಿನ ಶಾಕ್‌ನ ರಬ್ಬರ್ ಉಂಗುರ ಎಷ್ಟು ಸರಿದಿದೆಯೆಂದು ಅಳೆಯಿರಿ: ಶಾಕ್‌ನ ಸ್ಟ್ರೋಕ್ (ಅದು ಒಟ್ಟು ಕುಗ್ಗಬಲ್ಲ ಉದ್ದ) 60 ಮಿ.ಮೀ. ಇದ್ದರೆ ಅದು 18 ಮಿ.ಮೀ., ಅಂದರೆ ಶೇ. 30 ಇರಬೇಕು. ಮುಂದಿನ ಫೋರ್ಕ್‌ಗೆ ಅದರ ಟ್ರಾವೆಲ್‌ನ ಶೇ. 20 ಸಾಕು. ಮಳೆಗಾಲದಲ್ಲಿ ಜಂಬಿಟ್ಟಿಗೆ ಕಲ್ಲಿನ ಮೇಲೆ ಪಾಚಿ ಕಟ್ಟಿ, ಒದ್ದೆಯಾದ ತರಗೆಲೆ ಅಂಟಿಕೊಂಡಿರುವಾಗ ಟೈರಿನ ಗಾಳಿಯೇ ನಿಮ್ಮನ್ನು ಕಾಯುವುದು. ಟ್ಯೂಬ್‌ಲೆಸ್ ಆದರೆ ಮುಂದೆ 22, ಹಿಂದೆ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಂದ ಆರಂಭಿಸಿ, ಒಂದೊಂದೇ ಪಿಎಸ್‌ಐ ಬದಲಿಸುತ್ತಾ ನೋಡಿ.