ಆರ್‌ಸಿ ಟ್ರಕ್‌ಗೆ ಬಲೂನ್ ಸುತ್ತಿದರೆ ಸಾಕಾ?

ನೀರು ತಾಗದಿರಲಿ ಅಂತ ರಿಸೀವರ್‌ಗೆ (ರಿಮೋಟ್‌ನ ಸಿಗ್ನಲ್ ಹಿಡಿಯುವ ಭಾಗ) ಬಲೂನ್ ಹಾಕಿ, ಇಎಸ್‌ಸಿಗೆ (ಮೋಟಾರಿನ ವೇಗ ನಿಯಂತ್ರಿಸುವ ಭಾಗ) ಟೇಪ್ ಸುತ್ತಿ ಕಾರವಾರದ ಬೀಚಲ್ಲಿ ರಿಮೋಟ್‌ನಿಂದ ಓಡುವ ಆರ್‌ಸಿ ಟ್ರಕ್ ಓಡಿಸಬಹುದಾ ಅಂತ ಕೇಳಿದ್ದೀರಿ. ಶಿರಸಿ ಕಡೆಯ ಮಳೆಗಾಲದ ಕೆಸರಿಗಾದರೆ ಬಲೂನ್ ಹೇಗೋ ನಡೆಯುತ್ತದೆ. ಸಮುದ್ರದ ಹತ್ತಿರ ಬೇಡ. ಉಪ್ಪುನೀರಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ತಾಮ್ರ ಹಸಿರುಗಟ್ಟುತ್ತದೆ. ಬಲೂನೊಳಗೆ ಹೋದ ಹನಿ ಅಲ್ಲೇ ಕೂತಿರುತ್ತದೆ. ಇಎಸ್‌ಸಿಗೆ ಟೇಪ್ ಅಂತೂ ಸುತ್ತಲೇಬೇಡಿ, ಬಿಸಿ ಹೊರಗೆ ಹೋಗದೆ ಸುಟ್ಟೇ ಹೋಗಬಹುದು.

ರಿಸೀವರ್ ಒಳಗಿನ ಸರ್ಕ್ಯೂಟ್ ಬೋರ್ಡಿಗೇ ಲೇಪ ಕೊಡಿ. ಸಿಲಿಕೋನ್ ಕನ್ಫಾರ್ಮಲ್ ಕೋಟಿಂಗ್ ಅಂತ ಆನ್‌ಲೈನಲ್ಲಿ ಸಿಗುತ್ತದೆ. ರಿಸೀವರ್ ಬಿಚ್ಚಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಬ್ರಷ್‌ನಲ್ಲಿ ತೆಳ್ಳಗೆ ಎರಡು ಸಲ ಹಚ್ಚಿ. ಪಿನ್‌ಗಳಿಗೆ, ಬಟನ್‌ಗೆ ತಾಗಬಾರದು. ಪಿನ್‌ಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಯಗೊಡದ, ನೀರು ತಡೆಯುವ ಗ್ರೀಸ್) ಸಾಕು. ದುಡ್ಡು ಉಳಿಸಲು ಹಾರ್ಡ್‌ವೇರ್ ಅಂಗಡಿಯ ಹುಳಿ ವಾಸನೆಯ ಸಿಲಿಕೋನ್ ಸೀಲಂಟ್ ಮೆತ್ತಬೇಡಿ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ಸರ್ವೋ (ಚಕ್ರಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಚಿಕ್ಕ ಮೋಟಾರ್), ಇಎಸ್‌ಸಿ ಎರಡನ್ನೂ ವಾಟರ್‌ಪ್ರೂಫ್ ಅಂತಲೇ ಬರುವುದನ್ನು ಕೊಳ್ಳಿ, ಸುಮ್ನೆ ಬಿಚ್ಚಿ ತಲೆ ಕೆಡಿಸಿಕೊಳ್ಳಬೇಡಿ.

ಇಷ್ಟು ಮಾಡಿದರೂ ಬೇರಿಂಗ್, ಸ್ಕ್ರೂ ತುಕ್ಕು ಹಿಡಿಯುತ್ತವೆ ಅಲ್ವಾ? ಮನೆಗೆ ಬಂದ ಕೂಡಲೇ ಬ್ಯಾಟರಿ ತೆಗೆದು ಸಿಹಿನೀರಲ್ಲಿ ತೊಳೆಯಿರಿ. (ನಮ್ಮ ಕರಾವಳಿಯಲ್ಲಿ ಬೇಸಿಗೆಗೆ ಕೆಲವು ಬಾವಿ ನೀರೂ ಉಪ್ಪಾಗುತ್ತದೆ, ನೋಡಿಕೊಳ್ಳಿ.) ಆಮೇಲೆ ಫ್ಯಾನ್ ಕೆಳಗೆ ಒಣಗಿಸಿ, ಬೇರಿಂಗ್‌ಗೆ ಎಣ್ಣೆ ಬಿಡಿ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಸಮುದ್ರದ ನೀರಲ್ಲಿ ಮುಳುಗಿದ್ದರೆ ಮಾತ್ರ ಮತ್ತೆ ಚಾರ್ಜ್‌ಗೆ ಹಾಕಬೇಡಿ, ಬೆಂಕಿ ಹತ್ತುವ ಅಪಾಯ ಇದೆ.