ಲ್ಯಾಬ್ ಪ್ರಶ್ನೋತ್ತರ: ಬೆಳಿಗ್ಗೆ ಪೊಟ್ಯಾಸಿಯಂ 6.3, ರಾತ್ರಿ 4.4!

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಬಿಪಿ ಬಿಟ್ಟರೆ ಬೇರೆ ತೊಂದರೆ ಇಲ್ಲ. ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಸಂಜೆ ಬಂದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ 6.3. ಹೆದರಿ ಆಸ್ಪತ್ರೆಗೆ ಓಡಿದೆವು. ಅಲ್ಲಿ ಇಸಿಜಿ ನಾರ್ಮಲ್, ಪೊಟ್ಯಾಸಿಯಂ 4.4. ಎರಡೂ ಕಡೆ ಅಳೆದದ್ದು ದೊಡ್ಡ ಮಿಷನ್ನೇ. ಯಾವುದು ಕೆಟ್ಟಿದೆ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಯಾವುದೂ ಕೆಟ್ಟಿರಲಿಕ್ಕಿಲ್ಲ. ನನ್ನ ಅನುಮಾನ ಮಿಷನ್ ಮೇಲಲ್ಲ, ನಿಮ್ಮ ಮನೆಗೂ ಮಿಷನ್ನಿಗೂ ನಡುವಿನ ದಾರಿಯ ಮೇಲೆ.

ಲ್ಯಾಬಿನಲ್ಲಿ ಅಳೆಯುವುದು ಸೀರಮ್ಮಿನ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿ ದ್ರವದ, ಪೊಟ್ಯಾಸಿಯಂ. ಅದು ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರುತ್ತದೆ. ಕೆಂಪು ರಕ್ತಕಣಗಳ ಒಳಗಿರುವುದು ಅದರ ಸುಮಾರು 20 ಪಟ್ಟು. ಕಣ ಒಡೆದರೆ ಒಳಗಿನದ್ದೆಲ್ಲ ಹೊರಗೆ ಬರುತ್ತದೆ. ಸಿರಿಂಜಿನಲ್ಲಿ ಎಳೆದ ರಕ್ತವನ್ನು ಸೂಜಿಯ ಮೂಲಕವೇ ಜೋರಾಗಿ ಟ್ಯೂಬಿಗೆ ಒತ್ತಿದರೂ ಸಾಕು, ಕಣ ಒಡೆಯುತ್ತದೆ. ನರ ಸಿಗಲಿಲ್ಲವೆಂದು ‘ಮುಷ್ಟಿ ಮುಚ್ಚಿ ತೆಗೆಯಿರಿ, ಇನ್ನೊಮ್ಮೆ, ಇನ್ನೊಮ್ಮೆ’ ಅನ್ನುತ್ತಾರಲ್ಲ, ಅದರಿಂದಲೂ ಪೊಟ್ಯಾಸಿಯಂ ಏರುತ್ತದೆ.

ಕಣ ಒಡೆದಿದ್ದರೆ ಸೀರಮ್ ಕೆಂಪಾಗುತ್ತದೆ. ಈಗಿನ ಅನಲೈಜರ್‌ಗಳು ಬೇರೆ ಬೇರೆ ತರಂಗದ ಬೆಳಕು ಹಾಯಿಸಿ ಆ ಕೆಂಪು, ಕಾಮಾಲೆಯ ಹಳದಿ, ಕೊಬ್ಬಿನ ಬಿಳುಪು ಮೂರನ್ನೂ ಗುರುತಿಸಬಲ್ಲವು. ಪರದೆಯ ಮೇಲೆ ಫಲಿತಾಂಶದ ಪಕ್ಕ ಒಂದು ಗುರುತು ಬರುತ್ತದೆ. ಅದನ್ನು ನೋಡಿದವರು ‘ಹಿಮೋಲೈಸ್ ಆಗಿದೆ, ಬೇರೆ ಸ್ಯಾಂಪಲ್ ಕಳಿಸಿ’ ಎಂದು ಬರೆಯಬೇಕು. ದಿನಕ್ಕೆ ನೂರಾರು ರಿಪೋರ್ಟ್ ಬಿಡುವ ಕಡೆ ಇದನ್ನು ದಾಟಿಸಿಬಿಡುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ.

ಇನ್ನೂ ಮೋಸದ ಸಂಗತಿ ಫ್ರಿಜ್ಜಿನದ್ದು. ಸೆಂಟ್ರಿಫ್ಯೂಜ್ ಮಾಡದ, ಅಂದರೆ ಗಿರ್ರನೆ ತಿರುಗಿಸಿ ಕಣಗಳನ್ನು ಬೇರ್ಪಡಿಸದ ರಕ್ತವನ್ನು ‘ಕೆಡದಿರಲಿ’ ಎಂದು ಐಸ್ ಡಬ್ಬದಲ್ಲಿ ಇಟ್ಟರೆ ಚಳಿಗೆ, ಪೊಟ್ಯಾಸಿಯಂ ಅನ್ನು ಕಣದ ಒಳಗೆ ತಳ್ಳುವ ಪಂಪ್ ನಿಂತು, ಅದು ಮೆಲ್ಲಗೆ ಸೋರುತ್ತದೆ. ಕಣ ಒಡೆಯುವುದಿಲ್ಲ, ಸೀರಮ್ ತಿಳಿಯಾಗಿಯೇ ಕಾಣುತ್ತದೆ. ಮಿಷನ್ನಿಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ತೆಗೆದ ರಕ್ತ, ಸಂಜೆಯ ರಿಪೋರ್ಟ್ ಅಂದಿರಿ. ನಡುವೆ ಟ್ಯೂಬ್ ಎಲ್ಲಿತ್ತು, ಎಷ್ಟು ಗಂಟೆಗೆ ಸೆಂಟ್ರಿಫ್ಯೂಜ್ ಆಯಿತು ಎಂದು ಫೋನ್ ಮಾಡಿ ಕೇಳಿ. ಸಂಕೋಚ ಬೇಡ, ದುಡ್ಡು ಕೊಟ್ಟಿದ್ದೀರಿ.

ಆ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದನ್ನೂ ನೋಡಿ. ಪೊಟ್ಯಾಸಿಯಂ ಮೇಲೆ, ಕ್ಯಾಲ್ಸಿಯಂ ನಂಬಲಾಗದಷ್ಟು ಕೆಳಗೆ, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವೂ ಕೆಳಗೆ ಇದ್ದರೆ, ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಇದಕ್ಕೆ ಬೆರೆತಿದೆ ಎಂದೇ ಲೆಕ್ಕ. ರಕ್ತ ಹೆಪ್ಪುಗಟ್ಟದಂತೆ ಆ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಪೊಟ್ಯಾಸಿಯಂ ಲವಣ. ಅದು ಪೊಟ್ಯಾಸಿಯಂ ಸೇರಿಸುತ್ತದೆ, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಟ್ಯೂಬ್ ತುಂಬದಿದ್ದಾಗ ಒಂದರಿಂದ ಇನ್ನೊಂದಕ್ಕೆ ಸುರಿಯುವ ಪುಣ್ಯಾತ್ಮರನ್ನು ನಾನೇ ನೋಡಿದ್ದೇನೆ.

ಆಸ್ಪತ್ರೆಗೆ ಓಡಿದ್ದು ಮಾತ್ರ ಸರಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳಿಂದ ನಿಜವಾಗಿಯೂ ಪೊಟ್ಯಾಸಿಯಂ ಏರಬಹುದು, ಏರಿದರೆ ಹೃದಯಕ್ಕೆ ಅಪಾಯ. ಮನೆಯಲ್ಲೇ ಕೂತು ‘ಸ್ಯಾಂಪಲ್ ಕೆಟ್ಟಿರಬೇಕು’ ಎಂದು ತೀರ್ಮಾನ ಮಾಡಬೇಡಿ.

ಪ್ರಶ್ನೆ: ನಮ್ಮೂರಿನ ಹೊಸ ಲ್ಯಾಬಿನ ಬೋರ್ಡಿನಲ್ಲಿ ‘ಸಂಪೂರ್ಣ ಆಟೋಮ್ಯಾಟಿಕ್, ಮನುಷ್ಯರ ಕೈ ತಾಗುವುದಿಲ್ಲ’ ಎಂದಿದೆ. ನಿಜವೇ?
– ಒಬ್ಬ ಗೃಹಿಣಿ, ಶಿರಸಿ

ಉತ್ತರ: ಅರ್ಧ ನಿಜ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸೀರಮ್ಮನ್ನು ಪಿಪೆಟ್ಟಿನಲ್ಲಿ ಬಾಯಿಂದಲೇ ಎಳೆಯುತ್ತಿದ್ದೆವು. ಶುಗರ್ ನೋಡಲು ಆರ್ಥೋಟೊಲುಯಿಡಿನ್ ಹಾಕಿ ಕುದಿಸಿದರೆ ಹಸಿರು ಬಣ್ಣ ಬರುತ್ತಿತ್ತು, ಜೊತೆಗೆ ಅಸಿಟಿಕ್ ಆಸಿಡ್ಡಿನ ಘಾಟು. ಮನೆಗೆ ಬಂದರೂ ಸೀರೆಯಲ್ಲಿ ಆ ವಾಸನೆ ಇರುತ್ತಿತ್ತು. ಅದಕ್ಕೆ ಹೋಲಿಸಿದರೆ ಇಂದಿನದು ಸ್ವರ್ಗ.

ಅಮೆರಿಕದ ಕ್ಲೀವ್‌ಲ್ಯಾಂಡಿನ ಲೆನಾರ್ಡ್ ಸ್ಕೆಗ್ಸ್ ಕಂಡುಹಿಡಿದ ಆಟೋಅನಲೈಜರ್ 1957ರಲ್ಲಿ ಮಾರುಕಟ್ಟೆಗೆ ಬಂತು. ಒಂದೇ ಕೊಳವೆಯಲ್ಲಿ ಒಬ್ಬರ ಸ್ಯಾಂಪಲ್ ಹಿಂದೆ ಇನ್ನೊಬ್ಬರದು ಹರಿಯುತ್ತಿತ್ತು. ಒಂದಕ್ಕೊಂದು ಬೆರೆಯದಂತೆ ನಡುವೆ ಗಾಳಿಗುಳ್ಳೆ ಬಿಡುತ್ತಿದ್ದರು. ಎಂಥ ಸರಳ ಉಪಾಯ, ಅಲ್ವಾ? 1980ರ ದಶಕದಲ್ಲಿ ಜಪಾನಿನ ಕೋಚಿಯಲ್ಲಿ ಮಸಾಹಿದೆ ಸಾಸಾಕಿ ಅವರು ಟ್ಯೂಬುಗಳನ್ನು ಬೆಲ್ಟಿನ ಮೇಲೆ ಕೂರಿಸಿ ಮಿಷನ್ನಿನಿಂದ ಮಿಷನ್ನಿಗೆ ಕಳಿಸಿದರು.

ಈಗ ಬಾರ್‌ಕೋಡ್ ಓದಿ, ಒಂದು ಹನಿಗಿಂತ ಎಷ್ಟೋ ಕಡಿಮೆ ಸೀರಮ್ ಎಳೆದು, ರಿಯೇಜೆಂಟ್ ಬೆರೆಸಿ, 37 ಡಿಗ್ರಿಯಲ್ಲಿಟ್ಟು ಬಣ್ಣ ಅಳೆಯುವುದೆಲ್ಲ ಮಿಷನ್ ಕೆಲಸ. ಆದರೆ ನಿಮ್ಮ ತೋಳಿನಿಂದ ರಕ್ತ ತೆಗೆಯುವುದು, ಟ್ಯೂಬಿಗೆ ಬಾರ್‌ಕೋಡ್ ಅಂಟಿಸುವುದು ಮನುಷ್ಯರೇ. ಪಕ್ಕದವರ ಚೀಟಿ ನಿಮ್ಮ ಟ್ಯೂಬಿಗೆ ಅಂಟಿದರೆ ಅವರ ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ನಿಮ್ಮ ಹೆಸರಿಗೆ ಬರುತ್ತದೆ, ಅದೂ ಬಹಳ ನಿಖರವಾಗಿ. ಬೋರ್ಡ್ ಬಿಡಿ. ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯ ಎನ್‌ಎಬಿಎಲ್ ಮಾನ್ಯತೆ ಇದೆಯೇ, ಯಾವ ಯಾವ ಪರೀಕ್ಷೆಗಳಿಗೆ ಇದೆ ಎಂದು ಕೇಳಿ.

ಪ್ರಶ್ನೆ: ಬಿಎಸ್‌ಸಿ ಎಂಎಲ್‌ಟಿ (ಲ್ಯಾಬ್ ಟೆಕ್ನಾಲಜಿ) ಕೊನೇ ವರ್ಷದಲ್ಲಿದ್ದೇನೆ ಮೇಡಂ. ಎಲ್ಲ ಮಿಷನ್ನೇ ಮಾಡಿದರೆ ನಮಗೇನು ಕೆಲಸ?
– ವಿದ್ಯಾರ್ಥಿ, ರಾಯಚೂರು

ಉತ್ತರ: ಬಟನ್ ಒತ್ತುವುದಷ್ಟೇ ಕಲಿತರೆ ಕಷ್ಟವಪ್ಪ, ಸುಳ್ಳು ಹೇಳುವುದಿಲ್ಲ. ಕ್ಯೂಸಿ ಚಾರ್ಟ್, ಅಂದರೆ ಮಿಷನ್ ಸರಿಯಾಗಿ ಅಳೆಯುತ್ತಿದೆಯೇ ಎಂದು ದಿನವೂ ನೋಡುವ ನಕ್ಷೆ, ಓದುವುದನ್ನು ಚೆನ್ನಾಗಿ ಕಲಿ. ಕಂಟ್ರೋಲ್ (ಫಲಿತಾಂಶ ಮೊದಲೇ ಗೊತ್ತಿರುವ ಸ್ಯಾಂಪಲ್) 2 ಎಸ್‌ಡಿ, ಅಂದರೆ ಒಪ್ಪಬಹುದಾದ ಏರಿಳಿತದ, ಒಳಗಿದೆ ಎಂದು ಟಿಕ್ ಹಾಕಿ ಎದ್ದುಹೋಗುವವರು ಬೇಕಾದಷ್ಟಿದ್ದಾರೆ. ಒಳಗೇ ಇದ್ದರೂ ದಿನದಿನಕ್ಕೆ ಒಂದೇ ಕಡೆಗೆ ಜಾರುತ್ತಿದೆಯಲ್ಲ ಎಂದು ನಿಲ್ಲುವವರು ಕಡಿಮೆ. ನಮ್ಮಲ್ಲಿ ಒಂದು ಮಧ್ಯಾಹ್ನ ಬಂದವರಿಗೆಲ್ಲ ಸೋಡಿಯಂ ಕಡಿಮೆ ಬರತೊಡಗಿತು. ಮಿಷನ್ ಯಾವ ಅಲಾರಂನ್ನೂ ಕೊಡಲಿಲ್ಲ. ‘ಊರಿಗೆಲ್ಲ ಒಟ್ಟಿಗೆ ಸೋಡಿಯಂ ಇಳಿಯುತ್ತದೇನ್ರೀ?’ ಎಂದು ರಿಪೋರ್ಟ್ ತಡೆದವರು ನಮ್ಮ ಹಿರಿಯ ಟೆಕ್ನಿಷಿಯನ್. ಸೋಡಿಯಂ ಅಳೆಯುವ ಎಲೆಕ್ಟ್ರೋಡ್ ಹಳೆಯದಾಗಿತ್ತು. ಅಂಥವರನ್ನು ಯಾವ ಲ್ಯಾಬೂ ಬಿಟ್ಟುಕೊಡುವುದಿಲ್ಲ.

ಪ್ರಶ್ನೆ: ತೂಕ ಇಳಿದಿಲ್ಲ, ಎದೆಬಡಿತ ಸರಿಯಿದೆ. ಆದರೂ ಥೈರಾಯ್ಡ್ ಜಾಸ್ತಿ ಎಂದು ರಿಪೋರ್ಟ್ ಬಂದಿದೆ. ಕೂದಲು ಉದುರುತ್ತದೆಂದು ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಅಷ್ಟೇ.
– ಹೆಸರು ಬೇಡ, ಬೆಂಗಳೂರು

ಉತ್ತರ: ಆ ಮಾತ್ರೆಯಲ್ಲಿ ಬಯೋಟಿನ್ ಎಂಬ ವಿಟಮಿನ್ ಎಷ್ಟಿದೆ ನೋಡಿ. 5 ಅಥವಾ 10 ಮಿಲಿಗ್ರಾಂ ಇದ್ದರೆ ಅದೇ ಕಾರಣ ಇರಬಹುದು. ಹಲವು ಹಾರ್ಮೋನ್ ಅನಲೈಜರ್‌ಗಳ ಕಿಟ್‌ನಲ್ಲೇ ಬಯೋಟಿನ್ ಬಳಕೆಯಿದೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಲೆಕ್ಕ ತಪ್ಪಿ, ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ಬರುತ್ತದೆ. ಥೈರಾಯ್ಡ್ ನಿಜವಾಗಿ ಜಾಸ್ತಿಯಾದಾಗ ಬರುವುದೂ ಇದೇ ಥರ. ಡಾಕ್ಟರಿಗೆ ಹೇಳಿ, ಮಾತ್ರೆಯನ್ನು ಕನಿಷ್ಠ ಎರಡು ದಿನ ನಿಲ್ಲಿಸಿ ಮತ್ತೆ ರಕ್ತ ಕೊಡಿ. ಅಲ್ಲಿಯವರೆಗೆ ಥೈರಾಯ್ಡ್ ಮಾತ್ರೆ ಶುರು ಮಾಡಬೇಕೇ ಎಂಬುದನ್ನೂ ಅವರನ್ನೇ ಕೇಳಿ.