ಓದುಗರ ಪ್ರಶ್ನೆ: ಎಷ್ಟು ಚೀಲ ಬಿಚ್ಚಿ ನೋಡಿದ್ರಿ?

ಪ್ರಶ್ನೆ: ಮಳೆ ಶುರುವಾದಾಗಿಂದ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿನಾಗ ದಿನಾ ಒಂದು ಫೋಟೊ ಬರ್ತದ್ರಿ, ‘ಡೆಂಗಿ ಒಂದೇ ವಾರದಲ್ಲಿ ಮೂರು ಪಟ್ಟು’ ಅಂತ. ಮಗಳನ್ನ ಸಾಲಿಗೆ ಕಳಿಸೋದೇ ಬಿಟ್ಟೀನಿ. ನಂಬಬೇಕೋ ಬ್ಯಾಡೋ?
(ಸೇಡಂನ ಓದುಗರು)

ಮೊದಲು ಮಗಳನ್ನು ಶಾಲೆಗೆ ಕಳಿಸಿ, ತುಂಬು ತೋಳಿನ ಅಂಗಿ ಹಾಕಿ. ಡೆಂಗಿ ಸೊಳ್ಳೆ ಕಚ್ಚೋದು ಹಗಲಲ್ಲೇ, ಹುಟ್ಟೋದು ಮನೆಯ ಡ್ರಮ್ಮು, ಕೂಲರ್ ನೀರಲ್ಲೇ. ಮನೆಯಲ್ಲಿ ಕೂರಿಸಿದರೆ ಏನು ಬಂತು?

ಇನ್ನು ಮೂರು ಪಟ್ಟಿನ ವಿಷಯ. ನೀವು ತೊಗರಿ ಸೀಮೆಯವರು, ಹೀಗೆ ನೋಡಿ. ವ್ಯಾಪಾರಿಯೊಬ್ಬ ಸೋಮವಾರ 10 ಚೀಲ ಬಿಚ್ಚಿದ, 2ರಲ್ಲಿ ಹುಳ ಸಿಕ್ಕಿತು. ಮಂಗಳವಾರ 100 ಚೀಲ ಬಿಚ್ಚಿದ, 6ರಲ್ಲಿ ಸಿಕ್ಕಿತು. ಹುಳದ ಚೀಲ ಮೂರು ಪಟ್ಟಾಯಿತು, ಸುಳ್ಳಲ್ಲ. ಆದರೆ ನೂರಕ್ಕೆ 20 ಇದ್ದದ್ದು 6ಕ್ಕೆ ಇಳಿಯಿತು, ಅದನ್ನು ಫೋಟೊ ಮಾಡಿದವರು ಹೇಳಲ್ಲ. ಇನ್ನೊಂದು ಮಾತು: ಸೋಮವಾರ ಅವನು ವಾಸನೆ ಬಂದ ಚೀಲಗಳನ್ನೇ ಆರಿಸಿ ಬಿಚ್ಚಿದ್ದರೆ ಆ 20 ಕೂಡ ಇಡೀ ಗೋದಾಮಿನ ಕತೆಯಲ್ಲ. ಜ್ವರದ್ದೂ ಹಾಗೇ. ಆಸ್ಪತ್ರೆಯಲ್ಲಿ ಮಲಗಿದವರನ್ನಷ್ಟೇ ಪರೀಕ್ಷೆ ಮಾಡಿದರೆ ಒಂದು ಲೆಕ್ಕ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜ್ವರ ಬಂದವರನ್ನೆಲ್ಲ ಹುಡುಕಿದರೆ ಬೇರೆಯೇ ಲೆಕ್ಕ.

ಡೆಂಗಿಗೆ ಒಂದು ತೊಡಕು ಜಾಸ್ತಿ. ಸರ್ಕಾರ ಖಚಿತ ಅಂತ ಎಣಿಸೋದು ಎಲೈಸಾ ಅನ್ನೋ ರಕ್ತ ಪರೀಕ್ಷೆಯಲ್ಲಿ ಬಂದದ್ದನ್ನು. ಲ್ಯಾಬಿನವರು ಕಾಲು ಗಂಟೆಯಲ್ಲಿ ಕೊಡೋ ಕಾರ್ಡ್ ಪರೀಕ್ಷೆಯ ‘ಪಾಸಿಟಿವ್’ ಅದರಲ್ಲಿ ಸೇರಲ್ಲ. ಹಾಗಾಗಿ ಓಣಿಯಲ್ಲಿ ಹತ್ತು ಜನ ಡೆಂಗಿ ಅಂತ ಮಲಗಿದ್ದಾರೆ, ಪೇಪರಲ್ಲಿ ಮಾತ್ರ ಎರಡು ಅಂತ ಬಂದಿದೆ ಅಂದರೆ ಯಾರೋ ಮುಚ್ಚಿಟ್ಟರು ಅಂತಲೇ ಅಲ್ಲ. (ಮುಚ್ಚಿಡೋದೇ ಇಲ್ಲ ಅಂತಲೂ ನಾನು ಹೇಳ್ತಿಲ್ಲ.)

ಪ್ರಶ್ನೆ: ಡೆಂಗಿ ಕೇಸಿನ ಪಟ್ಟಿಯಲ್ಲಿ ಯಾವಾಗಲೂ ಕಲಬುರಗಿ ಮೇಲೆ, ನಮ್ಮ ಜಿಲ್ಲೆ ಕೆಳಗೆ. ನಾವು ಸೇಫ್ ಅಲ್ವಾ?
(ಯಾದಗಿರಿಯ ಓದುಗರು)

ಸುಮ್ನೆ ಭಾಗಿಸಿ ನೋಡಿ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಗೆ ಸುಮಾರು 25.66 ಲಕ್ಷ ಜನ, ಯಾದಗಿರಿಗೆ 11.74 ಲಕ್ಷ. ಎರಡೂ ಕಡೆ ನೂರು ನೂರು ಕೇಸು ಅಂತ ಇಟ್ಟುಕೊಂಡರೆ ಅಲ್ಲಿ ಲಕ್ಷಕ್ಕೆ 4ರ ಹತ್ತಿರ, ನಿಮ್ಮಲ್ಲಿ 8.5.

ಪ್ರಶ್ನೆ: ಕೋವಿಡ್ ಬಂದಾಗ ಒಂದು ಪೇಪರಲ್ಲಿ ನೂರಕ್ಕೆ ಮೂರು ಸಾವು ಅಂತಿತ್ತು, ಇನ್ನೊಂದರಲ್ಲಿ ಸಾವಿರಕ್ಕೆ ಒಂದು. ಯಾರು ಸುಳ್ಳು ಹೇಳಿದ್ದು?
(ಬೀದರ್‌ನ ಓದುಗರು)

ನಮ್ಮ ಕಲಬುರಗಿಯಿಂದಲೇ ಶುರು ಮಾಡೋಣ. ದೇಶದ ಮೊದಲ ಕೋವಿಡ್ ಸಾವು ಇಲ್ಲಿಯದೇ. 76 ವರ್ಷದ ಹಿರಿಯರು 2020ರ ಮಾರ್ಚ್ 10ರಂದು ತೀರಿಕೊಂಡರು, ಕೋವಿಡ್ ಅಂತ ಖಚಿತವಾದದ್ದು 12ರಂದು. ಆವತ್ತು ಜಿಲ್ಲೆಯ ಲೆಕ್ಕದಲ್ಲಿ ಒಂದು ಕೇಸು, ಒಂದು ಸಾವು. ಸಾವಿನ ಪ್ರಮಾಣ ನೂರಕ್ಕೆ ನೂರು! ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದನ್ನು ನಂಬಿಕೊಂಡು ಯಾರೂ ಉಯಿಲು ಬರೆದಿಡಬೇಕಾಗಿರಲಿಲ್ಲ.

ಆ ತಿಂಗಳ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ನೂರಕ್ಕೆ 3.4. ವರದಿಯಾದ ಕೇಸುಗಳನ್ನು ಕೆಳಗಿಟ್ಟು ಭಾಗಿಸಿದ್ದು ಅದು. ವರದಿಯೇ ಆಗದವರು, ನೆಗಡಿ ಅಂತ ಕಷಾಯ ಕುಡಿದು ಸುಮ್ಮನಾದವರು, ಏನೂ ಆಗದೆ ಹೊಲಕ್ಕೆ ಹೋಗಿ ಬಂದವರು ಅದರಲ್ಲಿಲ್ಲ. ಅವರನ್ನೂ ಅಂದಾಜು ಮಾಡಲು ಐಸಿಎಂಆರ್‌ನವರು (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದ 70 ಜಿಲ್ಲೆಗಳಲ್ಲಿ ರಕ್ತ ಪರೀಕ್ಷೆ ಮಾಡಿದರು. ಕರ್ನಾಟಕದಲ್ಲಿ ಬೆಂಗಳೂರು, ಚಿತ್ರದುರ್ಗದ ಜೊತೆ ನಮ್ಮ ಕಲಬುರಗಿಯೂ ಇತ್ತು. 2020ರ ಆಗಸ್ಟ್–ಸೆಪ್ಟೆಂಬರ್‌ನ ಎರಡನೇ ಸುತ್ತಿನಲ್ಲಿ, 10 ವರ್ಷ ದಾಟಿದ 15 ಜನರಲ್ಲಿ ಒಬ್ಬರಿಗೆ ಆಗಲೇ ಸೋಂಕು ತಗುಲಿ ಹೋಗಿತ್ತು. ಲೆಕ್ಕಕ್ಕೆ ಸಿಕ್ಕ ಒಂದೊಂದು ಕೇಸಿಗೂ ನಿಜವಾದ ಸೋಂಕು 26ರಿಂದ 32. ಈ ದೊಡ್ಡ ಸಂಖ್ಯೆಯಿಂದ ಭಾಗಿಸಿದರೆ ಸಾವಿನ ಪ್ರಮಾಣ ಎಲ್ಲಿಗೋ ಇಳಿಯುತ್ತದೆ.

ಹಾಗಂತ ಕಡಿಮೆ ಸಂಖ್ಯೆಯೇ ನಿಜ ಅಂತ ಹಿಡ್ಕೋಬೇಡಿ. ಭಾಗಿಸುವಾಗ ಮೇಲಿಡುವ ಸಂಖ್ಯೆ, ಅಂದರೆ ಸಾವಿನ ಲೆಕ್ಕವೂ ಸೋರುತ್ತದೆ ಅಲ್ವಾ? ಪರೀಕ್ಷೆಯಾಗದೆ ಮನೆಯಲ್ಲೇ ತೀರಿಕೊಂಡವರು ಯಾವ ಪಟ್ಟಿಗೂ ಬರಲಿಲ್ಲ. ಸೋಂಕು ತಗುಲಿ ಎರಡು ಮೂರು ವಾರಕ್ಕೆ ಸಾವಾಗುತ್ತಿತ್ತು, ಹಾಗಾಗಿ ಕೇಸು ಏರುವ ದಿನಗಳಲ್ಲಿ ಇಂದಿನ ಸಾವನ್ನು ಇಂದಿನ ಕೇಸಿನಿಂದ ಭಾಗಿಸಿದರೆ ರೋಗ ಇರುವುದಕ್ಕಿಂತ ಸಾಧುವಾಗಿ ಕಾಣುತ್ತದೆ. ನೀವು ಓದಿದ ಎರಡು ಪೇಪರಿನವರೂ ಸುಳ್ಳು ಹೇಳಿರಲಿಕ್ಕಿಲ್ಲ. ಯಾವುದರಿಂದ ಭಾಗಿಸಿದ್ದು ಅಂತ ಒಂದು ಸಾಲು ಬರೆಯೋಕೆ ಇಬ್ಬರಿಗೂ ಜಾಗ ಸಿಕ್ಕಿಲ್ಲ, ಅಷ್ಟೇ.